ಗೋಡೆಯ ಕದನ, ಬೀರುವಿನ ಮದುವೆ

ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಲು ಹೋದವರು ಅದರ ಪಶ್ಚಿಮದ ಗೋಡೆಯ ಮುಂದೆ ನಿಂತೇ ನಿಲ್ಲುತ್ತಾರೆ. 1780ರ ಪೊಳ್ಳಿಲೂರು ಕದನ ಆನೆ, ಕುದುರೆ, ಫಿರಂಗಿಗಳ ಸಮೇತ ಅಲ್ಲಿ ಇಂದಿಗೂ ನಡೆಯುತ್ತಿದೆ. ಅದು ತಾನಾಗಿ ಉಳಿದದ್ದಲ್ಲ; ಮಾಸಿದ್ದ ಚಿತ್ರವನ್ನು ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಮತ್ತೆ ಬರೆಸಿದ.

ಪಾಂಡವಪುರ ದಾಟಿ ಕೆ.ಆರ್. ಪೇಟೆಗೆ ಬಂದರೆ, ಪಕ್ಕದ ಹೊಸಹೊಳಲಿನ ಹೊಯ್ಸಳ ಗುಡಿಯ ಗೋಡೆಯಲ್ಲಿ ರಾಮಾಯಣ ಸಾಲುಸಾಲಾಗಿ ಸಾಗುತ್ತದೆ. ಹದಿಮೂರನೆಯ ಶತಮಾನದ್ದು. ಕಲ್ಲಿನ ಮಾತು ಬೇರೆ, ಬಿಡಿ.

ಚಿಂತೆ ಇರುವುದು ಈ ದಾರಿಯ ಮನೆಗಳ ಬೀರುಗಳಲ್ಲಿ. 1990ರ ದಶಕದಲ್ಲಿ ಇಲ್ಲಿಂದ ನಾಗಮಂಗಲದವರೆಗೆ ಅನುಕೂಲಸ್ಥರ ಮದುವೆಗೆ ‘ವಿಡಿಯೋದವರು’ ಬರಲೇಬೇಕಿತ್ತು. ಹೆಗಲ ಮೇಲೆ ಕ್ಯಾಮೆರಾ, ಹಿಂದೆ ಲೈಟು ಹಿಡಿದ ಹುಡುಗ, ವೈರು ತುಳಿಯಬೇಡಿರೆಂದು ಗದರುವ ಹಿರಿಯರು. ಧಾರೆಯ ಜೊತೆಗೆ ಹೆಂಚಿನ ಮನೆ, ತೆಂಗಿನಗರಿಯ ಚಪ್ಪರ, ಈಗಿಲ್ಲದ ಅಜ್ಜಿಯ ಸೋಬಾನೆಯ ದನಿ ಎಲ್ಲವೂ ಕ್ಯಾಸೆಟ್ಟಿಗೆ ಸೇರಿದವು.

ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿ. ಅದಕ್ಕೆ ಅಂಟಿಸಿದ ಕಬ್ಬಿಣದ ಆಕ್ಸೈಡಿನಂಥ ಸೂಕ್ಷ್ಮ ಕಣಗಳು ಕಾಂತೀಯವಾಗಿ ಸಾಲುಗೂಡಿದ ರೀತಿಯೇ ಚಿತ್ರ. ವರ್ಷ ಕಳೆದಂತೆ ಕಾಂತತ್ವ ಕುಗ್ಗುತ್ತದೆ. ತೇವಕ್ಕೆ ಅಂಟು ಸಡಿಲಾಗಿ ಬೂಷ್ಟು ಹಿಡಿಯುತ್ತದೆ. ನಾಲೆ ನೀರಿನ ಪಾಂಡವಪುರದಲ್ಲಿ ತೇವಕ್ಕೇನು ಬರ? ಮೇಲಾಗಿ, ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿ.ಸಿ.ಆರ್. ತಯಾರಿಕೆಯನ್ನೇ ನಿಲ್ಲಿಸಿತು.

ಈಗ ಡ್ರೋನ್ ಹಾರಿಸುವ ವಿಡಿಯೋದವರಲ್ಲಿ ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಡುವವರೂ ಇದ್ದಾರೆ. ಚಪ್ಪರದ ಕಂಬ ಹಿಡಿದು ನಿಂತವರು ಯಾರೆಂದು ಮಾತ್ರ ಅವರು ಹೇಳಲಾರರು. ಅದನ್ನು ಮನೆಯ ಹಿರಿಯರೇ ಹೇಳಬೇಕು. ಬರೆದುಕೊಳ್ಳಲು ಮಕ್ಕಳ ನೋಟ್‌ಬುಕ್ಕಿನ ಎರಡು ಹಾಳೆ ಸಾಕು.