ಮೇಸ್ತ್ರಿಯೂ ಮೂರು ತಿಂಗಳ ಪಾಠವೂ

ಮೋಟಾರ್ ಸೈಕಲ್ ದುರಸ್ತಿಯನ್ನು ಮೂರು ತಿಂಗಳಲ್ಲಿ ಕಲಿಸುವ ತರಗತಿಯೊಂದಕ್ಕೆ ಸೇರಬೇಕೋ ಬೇಡವೋ ಎಂಬ ಜಿಜ್ಞಾಸೆಯಲ್ಲಿ ಬಿದ್ದಿದ್ದೇನೆ. ಪಿಂಚಣಿ ತಿನ್ನುವವನಿಗೆ ಇದೆಂಥ ಹುಚ್ಚು ಎಂದು ನೀವು ನಗಬಹುದು. ನಮ್ಮಾಕೆ ಆಗಲೇ ನಕ್ಕಾಗಿದೆ.

ನನ್ನದು ಹಳೆಯ ಯೆಜ್ದಿ. ಮೈಸೂರಿನಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ದಿ ಎಂಬ ಹೆಸರಿನಲ್ಲಿ ಗಾಡಿ ಮಾಡುತ್ತಿದ್ದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಉಳಿದವು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಗೇರಿನ ಲಿವರನ್ನೇ ತಿರುಗಿಸಿದರೆ ಅದೇ ಕಿಕ್ಕರು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ತರಗತಿಯ ಪಾಠಪಟ್ಟಿಯಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ, ಸೆನ್ಸರುಗಳಿವೆ. ಟೂ-ಸ್ಟ್ರೋಕಿಗೆ ಒಂದೇ ಮಧ್ಯಾಹ್ನ.

ನಮ್ಮ ಬೀದಿಯ ಮೇಸ್ತ್ರಿ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುತ್ತಾರೆ, ವೈದ್ಯರು ನಾಲಗೆ ನೋಡಿದಂತೆ. ಕಾಫಿಬಣ್ಣವಿದ್ದರೆ ಕ್ಷೇಮ, ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು. ಆದರೆ ಕಾಂಟ್ಯಾಕ್ಟ್ ಪಾಯಿಂಟಿನ ಸಂದು ಅರ್ಧ ಮಿಲಿಮೀಟರೂ ಇಲ್ಲ. ಅದು ಈಗೀಗ ಅವರ ಕಣ್ಣಿಗೆ ನಿಲುಕುತ್ತಿಲ್ಲ. ‘ಸ್ವಲ್ಪ ನೀವೇ ನೋಡಿ ಸಾರ್’ ಎಂದು ಫೀಲರ್ ಗೇಜನ್ನು ನನ್ನ ಕೈಗೆ ಕೊಡುತ್ತಾರೆ. ಮಗ ಈ ಕಸುಬಿಗೆ ಬರಲಿಲ್ಲ.

ನನ್ನ ಸಂಕಟ ಇದೇ. ನಾನೇ ಕಲಿತುಬಿಟ್ಟರೆ ಅವರಿಗೆ ಉಳಿದಿರುವ ನಾಲ್ಕು ಗಿರಾಕಿಗಳಲ್ಲಿ ಒಬ್ಬ ಕಡಿಮೆ. ಕಲಿಯದಿದ್ದರೆ, ಅವರು ಅಂಗಡಿ ಮುಚ್ಚಿದ ದಿನ ಗಾಡಿಯೂ ನಿಂತಿತು. ಮೊನ್ನೆ ಅವರಿಗೇ ಹೇಳಿದೆ. ಗ್ರೀಸ್ ಒರೆಸಿಕೊಳ್ಳುತ್ತ, ‘ಅಲ್ಲಿ ಫೀಜು ಎಷ್ಟು ಸಾರ್?’ ಎಂದರು. ಹೇಳಿದೆ.

‘ಅದರಲ್ಲಿ ಅರ್ಧ ನನಗೆ ಕೊಡಿ. ಭಾನುವಾರ ಬೆಳಿಗ್ಗೆ ಹಳೇ ಬಟ್ಟೆ ಹಾಕ್ಕೊಂಡು ಬನ್ನಿ.’

ಸರ್ಟಿಫಿಕೇಟು ಮಾತ್ರ ಇಲ್ಲವಂತೆ. ಹಣ ಎಣಿಸಿ ತೆಗೆದಿಟ್ಟಿದ್ದೇನೆ, ಅರ್ಧವಲ್ಲ, ಪೂರ್ತಿ.