ಸಪ್ತಾಪುರದ ಪಡಸಾಲೆಯ ಗಣಿತ

ಈಗ ಧಾರವಾಡದ ಸಪ್ತಾಪುರಕ್ಕೆ ಹೋದರೆ ಗೋಡೆಗೋಡೆಗೂ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ತರಬೇತಿಯ ಬೋರ್ಡು. 2001ರಲ್ಲಿ ನಾನು ಸವದತ್ತಿ ಕಡೆಯಿಂದ ಪಿಯುಸಿ ಸೈನ್ಸ್ ಓದಲು ಬಂದಾಗ ಇಷ್ಟು ಬೋರ್ಡುಗಳಿರಲಿಲ್ಲ. ಟ್ಯೂಶನ್ ಹೇಳುವ ಮಾಸ್ತರರ ಮನೆ ಯಾವುದೆಂದು ಗೇಟಿಗೆ ಒರಗಿಸಿದ ಸೈಕಲ್‌ಗಳನ್ನು ನೋಡಿ ತಿಳಿದುಕೊಳ್ಳಬೇಕಿತ್ತು.

ನಮ್ಮ ಗಣಿತದ ಸರ್ ನಿವೃತ್ತ ಲೆಕ್ಚರರ್. ಮನೆಯ ಪಡಸಾಲೆಯೇ ಕ್ಲಾಸು. ಆರು ಗಂಟೆಯ ಬ್ಯಾಚಿಗೆ ತಡವಾಗಿ ಬಂದವರು ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ಬೋರ್ಡು ನೋಡಬೇಕು. ಒಕ್ಕಲುತನದ ಮನೆಯ ಹುಡುಗರು ಫೀಯನ್ನು ಸುಗ್ಗಿಯಾದ ಮೇಲೆ ಕೊಟ್ಟರೂ ನಡೆಯುತ್ತಿತ್ತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಗಣಿತ ಕಲಿತವರೇ ನಮ್ಮಲ್ಲಿ ಹೆಚ್ಚು. ಸರ್ ಮೊದಲು ಧಾರವಾಡದ ಮಾತಿನಲ್ಲಿ ಲೆಕ್ಕ ಬಿಡಿಸಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. ಕಾಲೇಜಿನಲ್ಲಿ ಹೀಗೆ ಎರಡು ಸಲ ಹೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಇಂಜಿನಿಯರಿಂಗ್ ರ‍್ಯಾಂಕಿಗೆ ಆಗ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಒಂದೇ ಗಣಿತವನ್ನು ಎರಡು ರೀತಿಯಲ್ಲಿ ಕಲಿಯಬೇಕು. ಪಿಯುಸಿ ಪರೀಕ್ಷೆ ಮುಗಿಯುವವರೆಗೆ ಸರ್ ಹಂತ ಬಿಟ್ಟರೆ ಸಿಡಿಮಿಡಿಗೊಳ್ಳುತ್ತಿದ್ದರು. ಕೊನೆಯ ಪೇಪರ್ ಮುಗಿದ ಮರುದಿನವೇ ಅವರ ವರಸೆ ಬದಲಾಯಿತು: ‘ತಮ್ಮಾ, ಇನ್ನ ಲೆಕ್ಕಾ ಮಾಡಬ್ಯಾಡ, ಉತ್ತರಾ ಹಿಡಿ.’

ಸಿಇಟಿ ಗಣಿತದಲ್ಲಿ 60 ಪ್ರಶ್ನೆ, 70 ನಿಮಿಷ. ಕ್ಯಾಲ್ಕುಲೇಟರ್ ಇಲ್ಲ, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇಲ್ಲ. ಸೊನ್ನೆಯಿಂದ ಪೈ ಬೈ ಟೂವರೆಗಿನ ಇಂಟಿಗ್ರಲ್, ಮೇಲೆ ಸೈನ್ ಎಕ್ಸ್, ಕೆಳಗೆ ಸೈನ್ ಎಕ್ಸ್ ಪ್ಲಸ್ ಕಾಸ್ ಎಕ್ಸ್. ಪಿಯುಸಿಯಲ್ಲಾದರೆ ಗುಣಧರ್ಮ ಬರೆದು, ಎಕ್ಸ್ ಇದ್ದಲ್ಲಿ ಪೈ ಬೈ ಟೂ ಮೈನಸ್ ಎಕ್ಸ್ ಹಾಕಿ, ಎರಡನ್ನೂ ಕೂಡಿಸಿ, ಹಂತಹಂತವಾಗಿ ಇಳಿಯಬೇಕು. ಸಿಇಟಿಯಲ್ಲಿ ನೋಡಿದ ಕೂಡಲೇ ಪೈ ಬೈ ಫೋರ್‌ಗೆ ಗುರುತು ಹಾಕಿ ಮುಂದೆ ಹೋಗಬೇಕು. ಎನ್ ಪದಗಳ ಮೊತ್ತ ಕೇಳಿದರೆ ಸೂತ್ರವನ್ನೇ ನೆನಪಿಸಿಕೊಳ್ಳಬೇಕಿಲ್ಲ. ಎನ್ ಇದ್ದಲ್ಲಿ ಒಂದು ಹಾಕು, ಎರಡು ಹಾಕು, ನಾಲ್ಕರಲ್ಲಿ ಮೂರು ಉತ್ತರ ತಾವೇ ಉದುರುತ್ತವೆ. ಏಳರ ನೂರನೆಯ ಘಾತದ ಕೊನೆಯ ಅಂಕಿ ಯಾವುದು? ನಾಲ್ಕು ಘಾತಕ್ಕೊಮ್ಮೆ ಅಂಕಿಗಳು ಮರಳಿ ಬರುತ್ತವೆ, ನೂರು ನಾಲ್ಕರಿಂದ ಭಾಗವಾಗುತ್ತದೆ, ಆದ್ದರಿಂದ ಒಂದು. ಗ್ರೂಪ್ ಥಿಯರಿ ನನಗೆ ಬಹಳ ಇಷ್ಟವಾಗಿತ್ತು. ಎ ಸ್ಟಾರ್ ಬಿ ಎಂದರೆ ಎ ಪ್ಲಸ್ ಬಿ ಮೈನಸ್ ಒಂದು ಎಂದು ಕೊಟ್ಟರೆ ಐಡೆಂಟಿಟಿ ಒಂದು, ಐದರ ಇನ್ವರ್ಸ್ ಮೈನಸ್ ಮೂರು. ಸೊನ್ನೆಯ ಕೆಲಸವನ್ನು ಒಂದು ಮಾಡುವ ಲೋಕವೂ ಇರಬಹುದು ಎಂದು ಹದಿನೇಳರ ವಯಸ್ಸಿನಲ್ಲಿ ತಿಳಿದದ್ದು ಸಣ್ಣ ಸಂಗತಿಯಲ್ಲ.

ಉಪಾಯಗಳನ್ನು ಹೇಳಿಕೊಟ್ಟ ಸರ್‌ಗೆ ಅವುಗಳ ಬಗ್ಗೆ ಗೌರವವೇನೂ ಇರಲಿಲ್ಲ. ‘ಮೊದಲ ದಾರಿ ಗೊತ್ತಿದ್ದಾವಗಷ್ಟ ಒಳದಾರಿ ಉಪಯೋಗ’ ಅನ್ನುತ್ತಿದ್ದರು.

ಆದರೂ ಸಿಇಟಿಯನ್ನು ಹಳಿದದ್ದನ್ನು ನಾನು ಅವರ ಬಾಯಲ್ಲಿ ಕೇಳಲಿಲ್ಲ. ಅದಕ್ಕೂ ಮೊದಲಿನ ಕಾಲವನ್ನು ಅವರು ಕಂಡಿದ್ದರು. ಖಾಸಗಿ ಕಾಲೇಜುಗಳಲ್ಲಿ ಕ್ಯಾಪಿಟೇಶನ್ ಕೊಟ್ಟವರಿಗೆ ಸೀಟು. ಅದನ್ನು ನಿಷೇಧಿಸುವ ಕಾಯ್ದೆ 1984ರಲ್ಲೇ ಬಂದಿದ್ದರೂ ವ್ಯವಹಾರ ನಿಂತಿರಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ವಿರುದ್ಧ ತೀರ್ಪು ಕೊಟ್ಟಿತು, ಅದರ ಬೆನ್ನಿಗೇ 1994ರಲ್ಲಿ ರಾಜ್ಯದಲ್ಲಿ ಸಿಇಟಿ ಆರಂಭವಾಯಿತು. ನಮ್ಮ ಊರಿನ ಮಟ್ಟಿಗೆ ಹೇಳುವುದಾದರೆ, ಇಂಜಿನಿಯರಿಂಗ್ ಓದು ಹೊಲ ಮಾರದೆಯೂ ಸಾಧ್ಯವಾದದ್ದು ಆಮೇಲೆಯೇ.

ರ‍್ಯಾಂಕು ಬಂದ ಮೇಲೆ ಅಪ್ಪನ ಜೊತೆ ರಾಣಿ ಚೆನ್ನಮ್ಮ ರೈಲಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ಮಲ್ಲೇಶ್ವರದ ಕೌನ್ಸೆಲಿಂಗಿಗೆ. ಪರದೆಯ ಮೇಲೆ ಕಾಲೇಜು, ಕೋರ್ಸು, ಉಳಿದ ಸೀಟು. ಮುಂದಿನವರು ಒಳಗೆ ಹೋಗಿ ಬಂದಂತೆಲ್ಲ ಅಂಕಿಗಳು ಕರಗುತ್ತಿದ್ದವು. ಅಪ್ಪ ಡಿಡಿ ಇದ್ದ ಅಂಗಿಯ ಕಿಸೆ ಮುಟ್ಟಿಕೊಂಡೇ ಕೂತಿದ್ದರು. ಈಗ ಆ ಆಯ್ಕೆಯೆಲ್ಲ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಮುಗಿಯುತ್ತದೆ. ಇದರಲ್ಲಿ ಕಳೆದುಕೊಂಡದ್ದು ಏನೂ ಇಲ್ಲ.

ಪಡಸಾಲೆಯ ಟ್ಯೂಶನ್ನೂ ಬರಬರುತ್ತ ಸೊರಗಿತು. ಅದಕ್ಕೆ ಕಾರಣ ಸಿಇಟಿ ಒಂದೇ ಅಲ್ಲ. 2002ರಿಂದ ಎಐಇಇಇ, 2013ರಿಂದ ಜೆಇಇ ಮೇನ್, ಖಾಸಗಿ ಕಾಲೇಜುಗಳಿಗೆ ಕಾಮೆಡ್-ಕೆ. ಒಬ್ಬ ಮಾಸ್ತರು ಒಂದು ಪಡಸಾಲೆಯಲ್ಲಿ ಇಷ್ಟಕ್ಕೆಲ್ಲ ತಯಾರಿ ಮಾಡಿಸುವುದು ಆಗದ ಮಾತು. 2012-13ರಿಂದ ಪಿಯುಸಿಗೆ ಎನ್‌ಸಿಇಆರ್‌ಟಿ ಪಠ್ಯಕ್ರಮ ಬಂತು. ಗ್ರೂಪ್ ಥಿಯರಿ, ಕಾಂಗ್ರುಯೆನ್ಸ್ ಹೋದವು, ಲೀನಿಯರ್ ಪ್ರೋಗ್ರಾಮಿಂಗ್ ಬಂತು. ಸರ್ ಕೈಯಾರೆ ಬರೆದಿದ್ದ ನೋಟ್ಸ್ ಅರ್ಧ ಹಳತಾಯಿತು. ಚೆನ್ನಾಗಿ ಹೇಳುವ ಹರೆಯದ ಮಾಸ್ತರರನ್ನು ರೆಸಿಡೆನ್ಶಿಯಲ್ ಕಾಲೇಜುಗಳು ಸಂಬಳ ಕೊಟ್ಟು ಕರೆದುಕೊಂಡವು. ಟ್ಯೂಶನ್ನು ಕಾಲೇಜಿನ ಒಳಗೇ ಸೇರಿ ‘ಇಂಟಿಗ್ರೇಟೆಡ್’ ಆಯಿತು. ಫೀ ಸುಗ್ಗಿಯವರೆಗೆ ಕಾಯುವುದು ಅಲ್ಲಿ ಇಲ್ಲ.

ಅಕ್ಕನ ಮಗ ಅಂಥ ಕಾಲೇಜೊಂದರಲ್ಲಿ ಓದಿದ. ವಾರಕ್ಕೊಂದು ಓಎಂಆರ್ ಟೆಸ್ಟು. ವೇಗದಲ್ಲಿ ನಾನು ಅವನ ಹತ್ತಿರಕ್ಕೂ ಹೋಗಲಾರೆ. ಆದರೆ ಆ ಇಂಟಿಗ್ರಲ್ ಯಾಕೆ ಪೈ ಬೈ ಫೋರ್ ಎಂದು ಕೇಳಿದರೆ, ‘ಮಾಮಾ, ಲಿಮಿಟ್‌ದ ಅರ್ಧಾ, ಅಷ್ಟ’ ಎಂದ. ಅವನು ಪರೀಕ್ಷೆ ಬರೆದ 2024ರ ಸಿಇಟಿಯಲ್ಲಿ ಕೈಬಿಟ್ಟ ಪಾಠಗಳಿಂದಲೇ ಪ್ರಶ್ನೆಗಳು ಬಂದು, ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು, ಗಣಿತದ್ದೇ 15. ಗೊತ್ತಿಲ್ಲದ ಲೆಕ್ಕದ ಮುಂದೆ ಹುಡುಗರು ಕಳೆದ ನಿಮಿಷಗಳು ಮಾತ್ರ ಮರಳಿ ಸಿಗಲಿಲ್ಲ.

2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ರದ್ದಾದಾಗ ಸಿಇಟಿ ಅಂಕವೊಂದನ್ನೇ ನೋಡಿ ರ‍್ಯಾಂಕು ಕೊಟ್ಟರು. ಆ ವರ್ಷಕ್ಕೆ ಬೇರೆ ದಾರಿ ಇರಲಿಲ್ಲ. ಅದನ್ನೇ ಕಾಯಂ ಮಾಡಿದರೆ ಸುಲಭ ಎಂದು ಪಾಲಕರು ಮಾತಾಡುವುದನ್ನು ಆಗಾಗ ಕೇಳುತ್ತೇನೆ. ಬೇಡ. ಹಂತ ಬರೆದು ಲೆಕ್ಕ ಬಿಡಿಸುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಇಷ್ಟಾದರೂ ಉಳಿದಿರುವುದು ಪಿಯುಸಿಯ ಆ ಅರ್ಧ ಪಾಲಿನಿಂದ. ಅದನ್ನು ತೆಗೆಯಬಾರದು. ಮಕ್ಕಳನ್ನು ಸೈನ್ಸಿಗೆ ಸೇರಿಸುವವರು ಕಾಲೇಜಿನ ರ‍್ಯಾಂಕುಗಳ ಫ್ಲೆಕ್ಸ್ ನೋಡುವ ಜೊತೆಗೆ, ಅಲ್ಲಿ ಓದುತ್ತಿರುವ ಯಾವನಾದರೂ ಹುಡುಗನ ಗಣಿತದ ನೋಟ್‌ಬುಕ್ ಇಸಿದುಕೊಂಡು ಒಮ್ಮೆ ತೆರೆದು ನೋಡಿ.