ನಾಲ್ಕನೆಯ ಅಕ್ಷ

ಗಾಡಿಯ ಚಕ್ರವು ಯಾವುದರ ಮೇಲೆ ತಿರುಗುವುದೋ ಅದು ಸಂಸ್ಕೃತದಲ್ಲಿ ಅಕ್ಷ. ಕನ್ನಡದಲ್ಲಿ ಅದೇ ತದ್ಭವವಾಗಿ ಅಚ್ಚು. ಈ ಉದಾಹರಣೆಯನ್ನು ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಆದರೆ ಆ ಶಬ್ದದ ಪೂರ್ಣಾರ್ಥವು ಮನವರಿಕೆಯಾದುದು ಯಾವ ನಿಘಂಟಿನಿಂದಲೂ ಅಲ್ಲ. ಬಬಲೇಶ್ವರದ ಬಡಿಗರೊಬ್ಬರ ಪಡಸಾಲೆಯಲ್ಲಿ.

ಆ ಹಿರಿಯರ ಮಗನು ನನ್ನ ಹಳೆಯ ವಿದ್ಯಾರ್ಥಿ. ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ತಂದೆಯ ಕಣ್ಣು ಮಸುಕಾದುದರಿಂದ ಊರಿಗೆ ಮರಳಿದನು. ತೊಟ್ಟಿಲ ಕಂಬ, ಮಂಚದ ಕಾಲುಗಳಿಗೆ ಬೇಡಿಕೆ ಬರುತ್ತಲೇ ಇತ್ತು. ಲೇತಿನ ಮುಂದೆ ನಿಂತು ಉಳಿ ಹಿಡಿಯುವ ದೃಷ್ಟಿ ಮಾತ್ರ ಉಳಿದಿರಲಿಲ್ಲ. ಮಗನು ತನ್ನ ಉಳಿತಾಯದಿಂದ ಮೇಜಿನ ಮೇಲೆ ಕೂಡುವಂಥ ಚಿಕ್ಕ ಸಿ.ಎನ್.ಸಿ. ಯಂತ್ರವೊಂದನ್ನು ತಂದನು. ಗಣಕದ ಆಜ್ಞೆಯಂತೆ ಅದರ ಕಟರು ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲೆಕೆಳಗೆ ಹೀಗೆ ಮೂರು ಅಕ್ಷಗಳಲ್ಲಿ ಚಲಿಸುತ್ತದೆ. ಹಲಗೆಯ ಮೇಲೆ ಹೂಬಳ್ಳಿ ಕೊರೆಯಲು ಇಷ್ಟು ಸಾಕು. ದುಂಡು ಕಂಬಕ್ಕೆ ಸಾಲದು. ಅಲ್ಲಿ ಕಂಬವನ್ನೇ ತಿರುಗಿಸುವ ನಾಲ್ಕನೆಯ ಅಕ್ಷ ಬೇಕು. ಕೆಲಸ ಕಲಿಯಬರುವ ಹುಡುಗರಿಗಾಗಿ ಯಂತ್ರದ ವಿಧಿಗಳನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದು ಅವನು ಕೇಳಿದ್ದರಿಂದ ನಾನು ಈ ಆಯ್ಕೆಗೆ ಸಾಕ್ಷಿಯಾದೆನು.

ತಿರುಗಿಸಿ ರೂಪಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ದೇವಾಲಯದ ಕಂಬಗಳನ್ನು ಕಂಡವರು ಇದನ್ನು ಬಲ್ಲರು. ಬಳಪದ ಕಲ್ಲಿನಲ್ಲಿ ಕಡೆದ ಬಳೆಗಳು ಒಂದರ ಮೇಲೊಂದು ಅಷ್ಟು ಹರಿತವಾಗಿ ಕುಳಿತಿವೆ. ‘ಕಡೆ’ ಎಂಬ ಧಾತುವಿಗೆ ಮೊಸರು ಕಡೆಯುವುದು, ಕಂಬ ಕಡೆಯುವುದು ಎಂಬ ಎರಡು ಅರ್ಥಗಳು ಕೂಡಿ ಬಂದಿರುವುದು ಸಹಜವೇ. ಎರಡರಲ್ಲಿಯೂ ನಟ್ಟನಡುವಿನ ಗೆರೆ ಅಲುಗಬಾರದು.

ಪೇಟೆಯಲ್ಲಿ ಈ ಅಕ್ಷದ ಉಪಕರಣಗಳು ಮುಖ್ಯವಾಗಿ ನಾಲ್ಕು ಬಗೆ. ಮೊದಲನೆಯದರಲ್ಲಿ ಮೋಟಾರಿಗೆ ನೇರವಾಗಿ ಚಕ್ ಜೋಡಿಸಿರುತ್ತದೆ. ಅಗ್ಗವೇನೋ ಹೌದು, ಆದರೆ ಸಾಮಾನ್ಯ ಸ್ಟೆಪ್ಪರ್ ಮೋಟಾರು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಅಂದರೆ ಹೆಜ್ಜೆಗೆ 1.8 ಅಂಶ. ನಡುವಿನಿಂದ 50 ಮಿಲಿಮೀಟರ್ ದೂರದ ಮೇಲ್ಮೈಯಲ್ಲಿ ಇದು ಒಂದೂವರೆ ಮಿಲಿಮೀಟರಿಗೂ ಮಿಕ್ಕುವುದು. ಎರಡನೆಯದು ಹಲ್ಲಿನ ಬೆಲ್ಟಿನಿಂದ ವೇಗವನ್ನು ಆರನೆಯ ಒಂದು ಪಾಲಿಗೆ ಇಳಿಸಿ ಬಲವನ್ನು ಹೆಚ್ಚಿಸುವಂಥದು, ಹೆಜ್ಜೆ 0.3 ಅಂಶಕ್ಕೆ ಇಳಿಯುತ್ತದೆ. ಮೂರನೆಯದು ವರ್ಮ್ ಗಿಯರಿನದು. ಹಿಡಿತ ಬಲವಾದುದು, ಆದರೆ ದಿಕ್ಕು ಬದಲಿಸುವಾಗ ಹಲ್ಲುಗಳ ನಡುವಿನ ಸಂದು ತಲೆ ಹಾಕುವುದು. ನಾಲ್ಕನೆಯದಾದ ಹಾರ್ಮೋನಿಕ್ ಡ್ರೈವಿನಲ್ಲಿ ಸಂದು ಇಲ್ಲವೆನ್ನುವಷ್ಟು ಕಡಿಮೆ. ಬೆಲೆ ಮಾತ್ರ ಬಡವರ ಕೈಗೆಟುಕದು.

ಮಗನ ಒಲವು ವರ್ಮ್ ಗಿಯರಿನ ಕಡೆಗಿತ್ತು. ಪರಿಚಿತರ ಕಾರ್ಯಶಾಲೆಯಲ್ಲಿ ಸವೆದಿದ್ದ ಅಂಥದೊಂದನ್ನು ನೋಡಲು ಹೋದಾಗ ತಂದೆಯವರು ಚಕ್ಕನ್ನು ಎರಡೂ ಕೈಯಿಂದ ಹಿಡಿದು ಅತ್ತಿತ್ತ ಅಲುಗಿಸಿದರು. ಕಣ್ಣಿಗೆ ಕಾಣದ್ದು ಅವರ ಅಂಗೈಗೆ ಕಂಡಿತು. “ನೋಡ್ರಿ ಗುರುಗಳ, ಎಷ್ಟು ಜೋರ್ ತಿರಗತೈತಿ ಅನ್ನೂದು ಆಮ್ಯಾಲೆ. ತಿರಗಿ ಬಂದು ಇದ್ದಲ್ಲೇ ನಿಲ್ಲತೈತೇನು, ಅದು ಮೊದಲ” ಎಂದರು. ತಪ್ಪು ಆಯ್ದರೆ ಉಳಿದ ಹಣವೂ ಹೋಗಿ ಮಗನು ಮತ್ತೆ ಪುಣೆಯ ದಾರಿ ಹಿಡಿಯಬೇಕಾದೀತೆಂಬ ಚಿಂತೆ ಆ ಮಾತಿನ ಹಿಂದೆ ಇತ್ತು. ಕೊನೆಗೆ ಬೆಲ್ಟಿನದನ್ನೇ ತರಿಸಲಾಯಿತು.

ತಂದ ಮೇಲೆ ತಿದ್ದುಪಡಿಗಳು ಮೊದಲಾದವು. ಅದರೊಡನೆ ಬಂದುದು ಮೂರು ದವಡೆಯ ಚಕ್. ಚೌಕ ಮರವನ್ನು ಅದು ನಡುವಿಗೆ ಹಿಡಿಯಲಾರದು. ಏಕಕಾಲಕ್ಕೆ ಕೂಡುವ ನಾಲ್ಕು ದವಡೆಯ ಚಕ್ಕನ್ನು ತೊಡಿಸಿದರು. ಕಟರಿನ ಕೆಳಗೆ ಎತ್ತರ ಸಾಲದೆ ಮೇಜಿನ ಹಲಗೆಯೊಂದನ್ನು ತೆಗೆದು ಉಪಕರಣವನ್ನು ಕೆಳಗಿಳಿಸಿದರು. ಮರದ ಇನ್ನೊಂದು ತುದಿಗೆ ಆಧಾರವಾಗುವ ಟೇಲ್‌ಸ್ಟಾಕಿನ ಮೊನೆಯು ಚಕ್ಕಿನ ನಡುವಿಗಿಂತ 0.8 ಮಿಲಿಮೀಟರ್ ತಗ್ಗಿತ್ತು. ಹಾಗೆಯೇ ಬಿಟ್ಟಿದ್ದರೆ ಕಾಲಿನ ಎರಡು ತುದಿಗಳ ವ್ಯಾಸದಲ್ಲಿ 1.6 ಮಿಲಿಮೀಟರ್ ವ್ಯತ್ಯಾಸ ಬರುತ್ತಿತ್ತು; ಹಿತ್ತಾಳೆಯ ತೆಳು ತಗಡನ್ನು ಅಡಿಗಿಟ್ಟು ಸರಿಗೊಳಿಸಿದರು.

ಅವನ ನಿಯಂತ್ರಕ ಮೂರೇ ಅಕ್ಷಗಳನ್ನು ಬಲ್ಲುದು. ಆದಕಾರಣ ಹಿಂದುಮುಂದಿನ ಮೋಟಾರಿನ ತಂತಿಯನ್ನು ಇದಕ್ಕೆ ಜೋಡಿಸಿ, ಮಿಲಿಮೀಟರಿನ ಸ್ಥಾನದಲ್ಲಿ ಅಂಶದ ಲೆಕ್ಕ ಬರೆಯಬೇಕಾಯಿತು. 200 ಹೆಜ್ಜೆಗಳನ್ನು ಎಂಟೆಂಟಾಗಿ ಸೀಳಿ ಆರರಿಂದ ಗುಣಿಸಿದರೆ ಸುತ್ತಿಗೆ 9600. ಅದನ್ನು 360ರಿಂದ ಭಾಗಿಸಿದರೆ ಅಂಶಕ್ಕೆ 26.667. ಇನ್ನೊಂದು ಸೂಕ್ಷ್ಮವೂ ಉಂಟು. ನಿಮಿಷಕ್ಕೆ ಒಂದೇ ಸುತ್ತಾದರೂ ನಡುವಿನಿಂದ 10 ಮಿಲಿಮೀಟರ್ ದೂರದಲ್ಲಿ ಮರ ಸುಮಾರು 63 ಮಿಲಿಮೀಟರ್ ಸರಿದರೆ, 50 ಮಿಲಿಮೀಟರ್ ದೂರದಲ್ಲಿ 314 ಸರಿಯುತ್ತದೆ. ದಪ್ಪ ಭಾಗದಲ್ಲಿ ವೇಗ ತಗ್ಗಿಸದಿದ್ದರೆ ಮರ ಸಿಬಿರೇಳುವುದು.

ಕಡೆಯ ಪರೀಕ್ಷೆ ತಂದೆಯವರದು. ಚಕ್ಕಿನ ಮೇಲೆಯೂ ಚೌಕಟ್ಟಿನ ಮೇಲೆಯೂ ಸೇರುವಂತೆ ಉಳಿಯಿಂದ ಒಂದು ಗೆರೆ ಎಳೆದು, ಹತ್ತು ಸುತ್ತು ಮುಂದಕ್ಕೂ ಹತ್ತು ಸುತ್ತು ಹಿಂದಕ್ಕೂ ತಿರುಗಿಸಲು ಹೇಳಿದರು. ಬಳಿಕ ಉಗುರಿನಿಂದ ಸವರಿದರು, ಗೆರೆ ಕೂಡಿರಲಿಲ್ಲ. ಮೋಟಾರಿನ ಫಲಕದ ರಂಧ್ರಗಳನ್ನು ಅರದಿಂದ ಉಜ್ಜಿ ಉದ್ದಗೊಳಿಸಿ, ಬೆಲ್ಟನ್ನು ಬಿಗಿದು, ಮಗನು ಮತ್ತೆ ತಿರುಗಿಸಿದನು. ಮೂರನೆಯ ಸಲ ಉಗುರು ಎಲ್ಲಿಯೂ ತಡೆಯಲಿಲ್ಲ. ಆಗಲೇ ಅವರು ಸಾಗವಾನಿಯ ತುಂಡನ್ನು ಹೊರತೆಗೆದು, ಅದರ ಎಳೆಯ ದಿಕ್ಕನ್ನು ಬೆರಳಿನಿಂದ ನೋಡಿ, ಮಗನ ಕೈಗೆ ಕೊಟ್ಟುದು.

ಇಂದು ಮಗನು ತಂದೆ ಹೇಳಿದ ಆಕಾರವನ್ನು ಗಣಕದಲ್ಲಿ ಬರೆಯುತ್ತಾನೆ. ತಂದೆಯವರು ಮರವನ್ನು ಆಯ್ದು, ಕಡೆದು ಬಂದ ಕಾಲನ್ನು ಸವರಿ ಒಪ್ಪುತ್ತಾರೆ ಇಲ್ಲವೆ ತಿರಸ್ಕರಿಸುತ್ತಾರೆ. ನಾನು ಬರೆದುಕೊಟ್ಟ ವಿಧಿಪತ್ರದಲ್ಲಿ ಚಕ್, ಬೆಲ್ಟ್ ಮೊದಲಾದ ರೂಢಿಯ ಮಾತುಗಳನ್ನು ಹಾಗೆಯೇ ಇಟ್ಟಿರುವೆನು. ದಿಕ್ಕು ಬದಲಿಸಿದಾಗ ಬರುವ ದೋಷಕ್ಕೆ ಮಾತ್ರ ಹಿರಿಯರ ಬಾಯಲ್ಲಿದ್ದ ‘ಸಡಿಲು’ ಎಂಬ ಮಾತನ್ನೇ ಬಳಸಿದೆನು. ಪತ್ರದ ಮೊದಲ ವಿಧಿ ಇಷ್ಟೇ: ಮರ ಕಟ್ಟುವ ಮುನ್ನ ಸಡಿಲು ನೋಡು.